ತುಂಡಾದ ಬೆರಳುಗಳು ನುಡಿಸಿದ ನಾದ

ಗಿಟಾರ್ ನಮ್ಮ ಕ್ರೈಸ್ತ ಕುಟುಂಬಗಳಿಗೆ ಅಪರಿಚಿತ ವಾದ್ಯವಲ್ಲ. ಭಾನುವಾರದ ಬಲಿಪೂಜೆಯ ಗಾಯನ ವೃಂದದಲ್ಲಿ, ಕ್ರಿಸ್ಮಸ್ ಕಾಲದ ಕ್ಯಾರಲ್ ತಂಡಗಳಲ್ಲಿ, ಮದುವೆಯ ಮುನ್ನಾದಿನದ ರೋಸ್ ಸಮಾರಂಭದಲ್ಲಿ ಅದರ ತಂತಿಗಳು ಮಿಡಿಯುತ್ತಲೇ ಇರುತ್ತವೆ. ಮಗ ಗಿಟಾರ್ ಕಲಿಯುತ್ತೇನೆಂದಾಗ ಹಿಗ್ಗುವ ತಂದೆತಾಯಿಗಳೇ, ಕೆಲವು ತಿಂಗಳ ಬಳಿಕ ಅವನು ಕೋಣೆಯ ಬಾಗಿಲು ಮುಚ್ಚಿಕೊಂಡು ರಾಕ್ ಸಂಗೀತ ಕೇಳತೊಡಗಿದಾಗ ಹುಬ್ಬು ಗಂಟಿಕ್ಕುವುದುಂಟು. ‘ಇದೆಂತಹ ಸಂಗೀತ, ಬರೀ ಗದ್ದಲ’ ಎಂಬುದು ಹಿರಿಯರ ದೂರು. ‘ನಿಮಗೆ ಅರ್ಥವಾಗುವುದಿಲ್ಲ’ ಎಂಬುದು ಕಿರಿಯರ ಉತ್ತರ. ಮಾತುಕತೆ ಅಲ್ಲಿಗೇ ಮುಗಿಯುತ್ತದೆ.

ಆದರೆ ಕಿರಿಯರು ತಮ್ಮ ತಮ್ಮೊಳಗೆ ಕುಳಿತಾಗ ಚರ್ಚೆಗೆ ಕೊನೆಯೆಂಬುದಿಲ್ಲ. ಯಾವ ತಂಡ ಶ್ರೇಷ್ಠ, ಯಾವ ಸಂಗೀತ ಕಛೇರಿ ಅವಿಸ್ಮರಣೀಯ, ಯಾರು ಜಗತ್ತಿನ ಅತ್ಯುತ್ತಮ ಗಿಟಾರ್ ವಾದಕ ಎಂಬ ಪ್ರಶ್ನೆಗಳು ಎಷ್ಟೋ ಸಂಜೆಗಳನ್ನು ನುಂಗಿಬಿಡುತ್ತವೆ. ಒಬ್ಬ ಜಿಮಿ ಹೆಂಡ್ರಿಕ್ಸ್ ಎಂದರೆ ಇನ್ನೊಬ್ಬ ಎರಿಕ್ ಕ್ಲ್ಯಾಪ್ಟನ್ ಎನ್ನುತ್ತಾನೆ. ಮತ್ತೊಬ್ಬ ಬ್ರಯಾನ್ ಮೇ ಹೆಸರನ್ನು ಮುಂದಿಡುತ್ತಾನೆ. ಸಾಮಾನ್ಯವಾಗಿ ಈ ವಾದಗಳೆಲ್ಲ ಬೆರಳುಗಳ ವೇಗಕ್ಕೇ ಬಂದು ನಿಲ್ಲುತ್ತವೆ. ಯಾರ ಬೆರಳು ಹೆಚ್ಚು ಚುರುಕೋ ಅವನೇ ಶ್ರೇಷ್ಠ ಎಂಬ ಭಾವನೆ ಬಲವಾಗಿದೆ.

ಹೀಗಿರುವಾಗ, ಎರಡು ಬೆರಳುಗಳ ತುದಿಗಳೇ ಇಲ್ಲದ ವಾದಕನೊಬ್ಬನ ಹೆಸರೂ ಈ ಚರ್ಚೆಗಳಲ್ಲಿ ತಪ್ಪದೆ ಕೇಳಿಬರುವುದು ಸೋಜಿಗವಲ್ಲವೇ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಟೋನಿ ಐಯೋಮಿ ಆ ವಾದಕ. ಅವರ ತಂಡ ‘ಬ್ಲ್ಯಾಕ್ ಸ್ಯಾಬತ್’. ಈ ಹೆಸರನ್ನು ಕೇಳಿದೊಡನೆ ಅನೇಕ ಹಿರಿಯರು ಶಿಲುಬೆಯ ಗುರುತು ಮಾಡಿಕೊಂಡಾರು. ಆದರೂ ಸ್ವಲ್ಪ ತಾಳ್ಮೆಯಿಂದ ಈ ಕತೆಯನ್ನು ಆಲಿಸುವುದರಿಂದ ನಷ್ಟವೇನೂ ಇಲ್ಲ.

ಕಾರ್ಖಾನೆಯ ಕೊನೆಯ ದಿನ

ಟೋನಿ ಐಯೋಮಿ ಜನಿಸಿದ್ದು 1948ರ ಫೆಬ್ರವರಿ 19ರಂದು. ಇಟಲಿ ಮೂಲದ ಕುಟುಂಬದ ಒಬ್ಬನೇ ಮಗ. ಎರಡನೆಯ ಮಹಾಯುದ್ಧದ ಬಾಂಬು ದಾಳಿಯಿಂದ ಜರ್ಝರಿತವಾಗಿದ್ದ ಬರ್ಮಿಂಗ್‌ಹ್ಯಾಮ್ ಆಗ ಕಬ್ಬಿಣ, ಉಕ್ಕು ಹಾಗೂ ಯಂತ್ರಗಳ ನಗರವಾಗಿತ್ತು. ಆಸ್ಟನ್ ಪರಿಸರದಲ್ಲಿ ಬೆಳೆದ ಹುಡುಗರ ಮುಂದಿದ್ದ ದಾರಿ ಬಹುತೇಕ ಒಂದೇ: ಶಾಲೆ ಮುಗಿಸುವುದು, ಕಾರ್ಖಾನೆ ಸೇರುವುದು. ಟೋನಿಯೂ ಲೋಹದ ತಗಡುಗಳನ್ನು ಸಿದ್ಧಪಡಿಸುವ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದರು. ಬಿಡುವಿನ ವೇಳೆಯಲ್ಲಿ ಗಿಟಾರ್ ಅಭ್ಯಾಸ ನಡೆಯುತ್ತಿತ್ತು. ಅವರು ಎಡಗೈಯವರು. ಆದುದರಿಂದ ತಂತಿಯನ್ನು ಮೀಟುವುದು ಎಡಗೈ; ಗಿಟಾರಿನ ಕತ್ತಿನ ಮೇಲೆ ತಂತಿಗಳನ್ನು ಒತ್ತಿ ಸ್ವರ ಹೊರಡಿಸುವುದು ಬಲಗೈ.

1965ರಲ್ಲಿ, 17ರ ಹರೆಯದ ಟೋನಿಗೆ ಜರ್ಮನಿಯ ಪ್ರವಾಸ ಕೈಗೊಳ್ಳಲಿದ್ದ ಸಂಗೀತ ತಂಡವೊಂದರಲ್ಲಿ ಸೇರುವ ಅವಕಾಶ ದೊರೆಯಿತು. ಕಾರ್ಖಾನೆಯ ಕೆಲಸಕ್ಕೆ ರಾಜೀನಾಮೆ ನೀಡಿದರು. ಅಂದು ಕೊನೆಯ ದಿನ. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದ ಮಗ, ಇನ್ನು ಮರಳಿ ಹೋಗುವುದಿಲ್ಲವೆಂದು ತಾಯಿಗೆ ಹೇಳಿದ. ಹಿಡಿದ ಕೆಲಸವನ್ನು ಪೂರ್ಣವಾಗಿ ಮುಗಿಸಿಯೇ ಬರಬೇಕೆಂದು ತಾಯಿ ಬುದ್ಧಿ ಹೇಳಿ ಕಳುಹಿಸಿದರು. ಯಾವ ತಾಯಿಯಾದರೂ ಹೇಳುವ ಮಾತೇ ಅದು.

ಅಂದು ತಗಡನ್ನು ಒತ್ತುವ ಯಂತ್ರವನ್ನು ನಡೆಸುವವರು ಕೆಲಸಕ್ಕೆ ಬಂದಿರಲಿಲ್ಲ. ಆ ಜಾಗದಲ್ಲಿ ಟೋನಿಯನ್ನು ನಿಲ್ಲಿಸಲಾಯಿತು. ಅಭ್ಯಾಸವಿಲ್ಲದ ಯಂತ್ರ. ಅದರ ಭಾರವಾದ ಲೋಹದ ಭಾಗ ಬಲಗೈಯ ಮೇಲೆ ಇಳಿಯಿತು. ನೋವಿಗೆ ಕೈಯನ್ನು ಹಿಂದಕ್ಕೆ ಎಳೆದುಕೊಂಡಾಗ ನಡುಬೆರಳು ಮತ್ತು ಉಂಗುರಬೆರಳಿನ ತುದಿಗಳು ಕಿತ್ತುಹೋದವು. ಇನ್ನು ಗಿಟಾರ್ ನುಡಿಸುವುದು ಸಾಧ್ಯವಿಲ್ಲವೆಂದು ವೈದ್ಯರು ತಿಳಿಸಿದರು. ಜರ್ಮನಿಯ ಪ್ರವಾಸ ಕನಸಾಗಿಯೇ ಉಳಿಯಿತು. ತಾಯಿಯ ಮಾತಿಗೆ ಬೆಲೆಕೊಟ್ಟು ಮರಳಿದ ಮಗನಿಗೆ ಒದಗಿದ ಈ ದುರ್ಗತಿಯನ್ನು ನೆನೆದರೆ ಯಾವ ಹೆತ್ತ ಕರುಳು ಮರುಗದಿದ್ದೀತು!

ಎರಡು ಬೆರಳುಗಳ ಗುರು

ಹತಾಶೆಯಿಂದ ಮನೆಯಲ್ಲಿ ಕುಳಿತಿದ್ದ ಆ ಹುಡುಗನನ್ನು ನೋಡಲು ಕಾರ್ಖಾನೆಯ ಮೇಲ್ವಿಚಾರಕರು ಬಂದರು. ಅವರ ಕೈಯಲ್ಲಿ ಒಂದು ಗ್ರಾಮಫೋನ್ ತಟ್ಟೆಯಿತ್ತು. ಅದನ್ನು ಕೇಳುವಂತೆ ಒತ್ತಾಯಿಸಿದರು. ಸಂಗೀತ ಕೇಳುವುದೇ ನೋವಾಗಿದ್ದ ಹೊತ್ತು. ಟೋನಿ ಮೊದಲು ನಿರಾಕರಿಸಿದರು, ಕೊನೆಗೆ ಒಪ್ಪಿದರು. ವಾದನ ಅತ್ಯದ್ಭುತವಾಗಿತ್ತು. ಮುಗಿದ ಬಳಿಕ ಬಂದವರು ಗುಟ್ಟನ್ನು ಬಿಚ್ಚಿದರು: ಇದನ್ನು ನುಡಿಸಿದಾತ ತಂತಿಗಳ ಮೇಲೆ ಬಳಸುವುದು ಎರಡೇ ಬೆರಳುಗಳನ್ನು!

ಆ ವಾದಕ ಜ್ಯಾಂಗೋ ರೈನ್‌ಹಾರ್ಟ್. 1910ರಲ್ಲಿ ಬೆಲ್ಜಿಯಮ್‌ನಲ್ಲಿ ಹುಟ್ಟಿದ, ರೋಮಾನಿ ಅಲೆಮಾರಿ ಜನಾಂಗದ ಕಲಾವಿದ. 1928ರಲ್ಲಿ ಆತ ವಾಸಿಸುತ್ತಿದ್ದ ಬಂಡಿಮನೆಗೆ ಬೆಂಕಿ ಬಿತ್ತು. ಸೆಲ್ಯುಲಾಯ್ಡ್‌ನಿಂದ ಮಾಡಿದ ಹೂವುಗಳು ಅಲ್ಲಿ ಮಾರಾಟಕ್ಕಾಗಿ ತುಂಬಿದ್ದವು. ಕ್ಷಣಾರ್ಧದಲ್ಲಿ ಎಲ್ಲವೂ ಹೊತ್ತಿಕೊಂಡಿತು. ಎಡಗೈಯ ಉಂಗುರಬೆರಳು ಮತ್ತು ಕಿರುಬೆರಳು ಸುಟ್ಟು ಮುದುಡಿಹೋದವು. ಆಗ ಆತನಿಗೆ 18 ವರ್ಷ. ಉಳಿದ ತೋರುಬೆರಳು ಹಾಗೂ ನಡುಬೆರಳುಗಳಿಂದಲೇ ಹೊಸ ವಾದನ ಕ್ರಮವೊಂದನ್ನು ರೂಢಿಸಿಕೊಂಡು, 1934ರಲ್ಲಿ ಪಿಟೀಲು ವಾದಕ ಸ್ಟೆಫಾನ್ ಗ್ರಪೆಲಿ ಜತೆಗೂಡಿ ಪ್ಯಾರಿಸ್‌ನಲ್ಲಿ ಐವರ ತಂಡ ಕಟ್ಟಿದ. ಯೂರೋಪಿನ ಜ್ಯಾಸ್ ಸಂಗೀತದ ಇತಿಹಾಸವನ್ನು ಆತನ ಹೆಸರಿಲ್ಲದೆ ಬರೆಯಲಾಗದು. 1953ರಲ್ಲಿ, ಕೇವಲ 43ನೆಯ ವಯಸ್ಸಿನಲ್ಲಿ ತೀರಿಕೊಂಡ.

ಕಾರ್ಖಾನೆಯ ಆ ಮೇಲ್ವಿಚಾರಕರು ಸಂಗೀತಗಾರರಲ್ಲ, ವೈದ್ಯರಲ್ಲ. ಗಾಯಗೊಂಡ ಹುಡುಗನಿಗೆ ಉಪದೇಶವನ್ನೂ ಮಾಡಲಿಲ್ಲ. ಒಂದು ತಟ್ಟೆಯನ್ನು ತಂದು ಕೇಳಿಸಿದರು, ಅಷ್ಟೆ. ರೋಗಿಯನ್ನು ಸಂದರ್ಶಿಸುವುದು ದಯಾಕಾರ್ಯಗಳಲ್ಲಿ ಒಂದೆಂದು ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲ ಕಲಿತಿದ್ದೇವೆ. ಅಂಥ ಒಂದು ಭೇಟಿ ಎಷ್ಟು ದೂರದ ಫಲ ಕೊಡಬಲ್ಲದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಸಿಗಲಾರದು.

ಸಾಬೂನಿನ ಬಾಟಲಿ, ಹಳೆಯ ಚರ್ಮ

ಸ್ಫೂರ್ತಿಯೊಂದೇ ಸಾಲದು, ಉಪಾಯವೂ ಬೇಕು. ಚರ್ಮವಿಲ್ಲದ ಬೆರಳ ತುದಿಗೆ ಉಕ್ಕಿನ ತಂತಿ ತಗಲಿದರೆ ಆಗುವ ನೋವು ಊಹಿಸಬಹುದಾದುದೇ. ಟೋನಿ ಪಾತ್ರೆ ತೊಳೆಯುವ ಸಾಬೂನಿನ ಪ್ಲಾಸ್ಟಿಕ್ ಬಾಟಲಿಯೊಂದನ್ನು ಕರಗಿಸಿ ಉಂಡೆ ಮಾಡಿದರು. ಕಾಯಿಸಿದ ಬೆಸುಗೆಯ ಕಡ್ಡಿಯಿಂದ ಅದರಲ್ಲಿ ರಂಧ್ರ ಕೊರೆದು, ಬೆರಳಿಗೆ ಸರಿಹೊಂದುವಂತೆ ಉಜ್ಜಿ ಉಜ್ಜಿ ನಯಗೊಳಿಸಿದರು. ದರ್ಜಿಗಳು ಬೆರಳಿಗೆ ತೊಡುವ ಟೊಪ್ಪಿಗೆಯಂಥ ಎರಡು ಸಾಧನಗಳು ಸಿದ್ಧವಾದವು. ಆದರೆ ಪ್ಲಾಸ್ಟಿಕ್ ತಂತಿಯ ಮೇಲೆ ಜಾರುತ್ತಿತ್ತು. ಹಳೆಯ ಚರ್ಮದ ಜಾಕೀಟಿನಿಂದ ಸಣ್ಣ ತುಂಡುಗಳನ್ನು ಕತ್ತರಿಸಿ ಅದರ ಮೇಲೆ ಅಂಟಿಸಿದರು. ಆಗ ತಂತಿ ಹಿಡಿತಕ್ಕೆ ಸಿಕ್ಕಿತು.

ಮತ್ತೂ ಒಂದು ತೊಡಕಿತ್ತು. ಆ ಕಾಲದ ಗಿಟಾರ್ ತಂತಿಗಳು ದಪ್ಪವಾಗಿದ್ದು, ಅವುಗಳನ್ನು ಒತ್ತಲು ಬಲ ಬೇಕಾಗುತ್ತಿತ್ತು. ತೆಳುವಾದ ತಂತಿಗಳನ್ನು ತಯಾರಿಸಿಕೊಡಿರೆಂದು ಕೇಳಿದರೆ, ಅವನ್ನು ಕೊಳ್ಳುವವರಾರು ಎಂಬ ಉತ್ತರ ಬಂತು. ಟೋನಿ ಬ್ಯಾಂಜೋ ವಾದ್ಯದ ತೆಳು ತಂತಿಗಳನ್ನು ತಂದು ಗಿಟಾರಿಗೆ ಬಿಗಿದರು. ಮುಂದೆ, 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಧ್ವನಿಮುದ್ರಿಕೆಯ ಕೆಲವು ಹಾಡುಗಳಿಗಾಗಿ ತಂತಿಗಳ ಶ್ರುತಿಯನ್ನೇ ಮೂರು ಸ್ವರಸ್ಥಾನಗಳಷ್ಟು ಕೆಳಕ್ಕಿಳಿಸಿದರು. ಶ್ರುತಿ ಇಳಿದಂತೆ ತಂತಿಯ ಬಿಗಿತ ಸಡಿಲುತ್ತದೆ, ಬೆರಳಿಗೆ ಶ್ರಮ ಕಡಿಮೆಯಾಗುತ್ತದೆ. ಜತೆಗೇ ನಾದವು ಮಂದ್ರಕ್ಕಿಳಿದು ಭಾರವಾಗುತ್ತದೆ.

ಬೆರಳಿನ ತುದಿಯಲ್ಲಿ ಸ್ಪರ್ಶಜ್ಞಾನವಿಲ್ಲದ ಕಾರಣ, ತಂತಿಯನ್ನು ಎಷ್ಟು ಒತ್ತಬೇಕೆಂಬುದನ್ನು ಅವರು ಕಿವಿಯಿಂದಲೇ ನಿರ್ಧರಿಸಬೇಕಾಯಿತು. ನಾಲ್ಕು ಬೆರಳುಗಳನ್ನೂ ಹರಡಿ ಹಿಡಿಯುವ ತುಂಬು ಸ್ವರಮೇಳಗಳು ಕಷ್ಟವಾದಾಗ, ನಮ್ಮ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಷಡ್ಜ ಮತ್ತು ಪಂಚಮಗಳನ್ನಷ್ಟೇ ಒಟ್ಟಿಗೆ ನುಡಿಸುವ ಸರಳ ಕ್ರಮವನ್ನು ಆಶ್ರಯಿಸಿದರು. ಎರಡೇ ಸ್ವರ, ಆದರೆ ವಿದ್ಯುತ್ ಧ್ವನಿವರ್ಧಕದ ಮೂಲಕ ಹೊರಬಂದಾಗ ಅದು ಕಾರ್ಖಾನೆಯ ಸುತ್ತಿಗೆಯ ಪೆಟ್ಟಿನಂತೆ ಕೇಳಿಸುತ್ತಿತ್ತು. ಮುಂದೆ ‘ಹೆವಿ ಮೆಟಲ್’ ಎಂದು ಹೆಸರಾದ ಸಂಗೀತ ಪ್ರಕಾರದ ಬುನಾದಿ ಇದೇ. ಬೆರಳುಗಳು ಸಂಪೂರ್ಣವಾಗಿದ್ದಿದ್ದರೆ ಆ ನಾದ ಅದೇ ರೀತಿ ಹುಟ್ಟುತ್ತಿತ್ತೇ ಎಂಬುದು ಸಂಶಯಾಸ್ಪದ.

ಹೆಸರಿಗೆ ಅಂಜಿದವರು

1968ರಲ್ಲಿ ಆಸ್ಟನ್ ಪರಿಸರದ ನಾಲ್ವರು ತರುಣರು ಒಂದುಗೂಡಿದರು. ಗಿಟಾರಿಗೆ ಟೋನಿ, ಗಾಯನಕ್ಕೆ ಆಝಿ ಆಸ್ಬರ್ನ್, ಬೇಸ್ ಗಿಟಾರಿಗೆ ಗೀಝರ್ ಬಟ್ಲರ್, ಡ್ರಮ್ಸ್‌ಗೆ ಬಿಲ್ ವಾರ್ಡ್. ಅದೇ ವರ್ಷದ ಕೊನೆಯಲ್ಲಿ ಟೋನಿ ಕೆಲಕಾಲ ‘ಜೆಥ್ರೋ ಟಲ್’ ಎಂಬ ಹೆಸರಾಂತ ತಂಡದೊಡನೆ ಇದ್ದು ಬಂದರು. ಬೆಳಿಗ್ಗೆಯೇ ಸೇರಿ, ಕಚೇರಿಯ ಕೆಲಸದಂತೆ ಶಿಸ್ತಿನಿಂದ ಅಭ್ಯಾಸ ಮಾಡುವುದನ್ನು ಅಲ್ಲಿ ಕಂಡು, ತಮ್ಮ ಗೆಳೆಯರಿಗೂ ಅದನ್ನೇ ವಿಧಿಸಿದರು. ರಾಕ್ ಸಂಗೀತಗಾರರೆಂದರೆ ಮಧ್ಯಾಹ್ನಕ್ಕೆ ಏಳುವವರೆಂದು ಭಾವಿಸುವವರು ಇದನ್ನು ಗಮನಿಸಬೇಕು.

‘ಬ್ಲ್ಯಾಕ್ ಸ್ಯಾಬತ್’ ಎಂಬ ಹೆಸರನ್ನು ಅವರು ಪಡೆದುದು 1963ರ ಒಂದು ಭೀತಿಯ ಚಲನಚಿತ್ರದಿಂದ. ಭಯಪಡಲು ಜನ ಹಣ ಕೊಟ್ಟು ಚಿತ್ರಮಂದಿರಕ್ಕೆ ಹೋಗುವುದಾದರೆ, ಭಯ ಹುಟ್ಟಿಸುವ ಸಂಗೀತವನ್ನೂ ಕೇಳಿಯಾರು ಎಂಬುದು ಅವರ ಲೆಕ್ಕಾಚಾರ. ಮೊದಲ ಧ್ವನಿಮುದ್ರಿಕೆ 1970ರ ಫೆಬ್ರವರಿ 13ರ ಶುಕ್ರವಾರ ಹೊರಬಂತು. ಅದರ ಮೊದಲ ಹಾಡಿನ ಗಿಟಾರ್ ನುಡಿ ಮೂರೇ ಸ್ವರಗಳದ್ದು: ಷಡ್ಜ, ಮೇಲಿನ ಷಡ್ಜ, ಬಳಿಕ ಪ್ರತಿಮಧ್ಯಮ. ಷಡ್ಜದಿಂದ ಪ್ರತಿಮಧ್ಯಮದವರೆಗಿನ ಈ ಅಂತರವನ್ನು ಪಾಶ್ಚಾತ್ಯ ಸಂಗೀತಶಾಸ್ತ್ರಜ್ಞರು ಹಿಂದೆ ‘ಸಂಗೀತದೊಳಗಿನ ಸೈತಾನ’ ಎಂದು ಕರೆದಿದ್ದರು. ಧರ್ಮಸಭೆಯು ಅದನ್ನು ನಿಷೇಧಿಸಿತ್ತೆಂಬ ಮಾತು ಬಹಳ ಪ್ರಚಾರದಲ್ಲಿದೆಯಾದರೂ ಅದು ಕಟ್ಟುಕತೆ. ಕಿವಿಗೆ ಕಠಿಣವೆಂದು ಶಾಸ್ತ್ರಕಾರರು ದೂರವಿಟ್ಟಿದ್ದರೇ ಹೊರತು ಯಾರೂ ಶಿಕ್ಷೆ ವಿಧಿಸಿರಲಿಲ್ಲ. ನಮ್ಮ ನಾಡಿನಲ್ಲಾದರೋ ಕಲ್ಯಾಣಿ ರಾಗದ ಜೀವಾಳವೇ ಪ್ರತಿಮಧ್ಯಮ. ಅದರಲ್ಲಿ ಸೈತಾನನನ್ನು ಕಂಡವರು ಯಾರೂ ಇಲ್ಲ. ಸ್ವರ ನಿರ್ದೋಷಿ, ಅದಕ್ಕೆ ಅಂಟಿಸಿದ ಹೆಸರು ಮಾತ್ರ ಭಯಾನಕ.

ಈ ಹೆಸರಿನ ಫಲವನ್ನು ತಂಡದವರೇ ಉಣ್ಣಬೇಕಾಯಿತು. ಮಾಟಮಂತ್ರದ ಗೀಳಿನವರು ಅವರನ್ನು ತಮ್ಮವರೆಂದು ತಿಳಿದು ಬೆನ್ನುಹತ್ತಿದರು. ಕೊನೆಗೆ ನಾಲ್ವರೂ ಕೊರಳಿಗೆ ಲೋಹದ ಶಿಲುಬೆ ಧರಿಸತೊಡಗಿದರು. ಆ ಶಿಲುಬೆಗಳನ್ನು ತನ್ನ ಕೈಯಾರೆ ಮಾಡಿಕೊಟ್ಟವರು ಕಾರ್ಖಾನೆಯಲ್ಲಿ ಉಪಕರಣ ತಯಾರಕರಾಗಿದ್ದ ಆಝಿಯ ತಂದೆ. ಹೆಚ್ಚಿನ ಹಾಡುಗಳನ್ನು ಬರೆದ ಗೀಝರ್ ಬಟ್ಲರ್ ಐರಿಷ್ ಮೂಲದ ಕಥೋಲಿಕ ಕುಟುಂಬದಲ್ಲಿ ಕಟ್ಟುನಿಟ್ಟಾಗಿ ಬೆಳೆದವರು. ಬಾಲ್ಯದಲ್ಲಿ ಯಾಜಕರಾಗುವ ಆಸೆ ಹೊತ್ತಿದ್ದವರು. ಮೇಲೆ ಹೇಳಿದ 1971ರ ಧ್ವನಿಮುದ್ರಿಕೆಯಲ್ಲೇ ಇರುವ ‘ಆಫ್ಟರ್ ಫಾರೆವರ್’ ದೇವರನ್ನು ಅಲಕ್ಷಿಸುವವರನ್ನು ಪ್ರಶ್ನಿಸುವ ಹಾಡು. 1970ರ ‘ವಾರ್ ಪಿಗ್ಸ್’ ಬಡವರ ಮಕ್ಕಳನ್ನು ಯುದ್ಧಕ್ಕಟ್ಟಿ ತಾವು ಸುಖವಾಗಿರುವ ಅಧಿಕಾರಸ್ಥರನ್ನು ಖಂಡಿಸುವ ಹಾಡು. ಹೆಸರನ್ನಷ್ಟೇ ಓದಿ ತೀರ್ಪು ಕೊಟ್ಟವರಿಗೆ ಇವು ಕೇಳಿಸಲೇ ಇಲ್ಲ.

ಎಡವಿದ ಹೆಜ್ಜೆಗಳು

ಹಾಗೆಂದು ಹಿರಿಯರ ಆತಂಕವೆಲ್ಲ ನಿರಾಧಾರವೆನ್ನಲಾಗದು. ಕೀರ್ತಿ ಮತ್ತು ಹಣದ ಜತೆಗೆ ಮದ್ಯ ಹಾಗೂ ಮಾದಕ ವಸ್ತುಗಳು ಈ ತರುಣರ ಬದುಕನ್ನು ಪ್ರವೇಶಿಸಿದವು. ಅವು ಮಾಡಿದ ಹಾನಿಯನ್ನು ಅವರೇ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. 1979ರಲ್ಲಿ ಆಝಿಯನ್ನು ತಂಡದಿಂದ ಹೊರಹಾಕಲಾಯಿತು. 1982ರಲ್ಲಿ ಅಮೆರಿಕದ ವೇದಿಕೆಯೊಂದರಲ್ಲಿ ಬಾವಲಿಯ ತಲೆ ಕಚ್ಚಿದ ಆತನ ಕೃತ್ಯ ಜಗತ್ತಿನಾದ್ಯಂತ ಹೇಸಿಗೆ ಹುಟ್ಟಿಸಿತು. ಮಕ್ಕಳು ಇವರ ವಾದನವನ್ನು ಮೆಚ್ಚಲಿ, ಬದುಕನ್ನು ಅನುಕರಿಸುವುದು ಬೇಡ ಎಂದು ತಂದೆತಾಯಿಗಳು ಹೇಳಿದರೆ ಅದು ನ್ಯಾಯವಾದ ಮಾತೇ. ಆದರೆ ಹಾಗೆ ಹೇಳಲು ಹೊರಟವರು ಮೊದಲು ವಾದನವನ್ನು ಕೇಳಿರಬೇಕಾಗುತ್ತದೆ.

ಟೋನಿ ಹೊಸ ಗಾಯಕರನ್ನು ಕೂಡಿಕೊಂಡು ತಂಡವನ್ನು ದಶಕಗಳ ಕಾಲ ಉಳಿಸಿಕೊಂಡು ಬಂದರು. 1997ರಲ್ಲಿ ಹಳೆಯ ಗೆಳೆಯರು ಮತ್ತೆ ಕೂಡಿದರು. 2012ರಲ್ಲಿ ಟೋನಿಗೆ ದುಗ್ಧಗ್ರಂಥಿಯ ಕ್ಯಾನ್ಸರ್ ಇರುವುದು ಪ್ರಕಟವಾಯಿತು. ಚಿಕಿತ್ಸೆಯ ನಡುವೆಯೇ ಅವರು ಧ್ವನಿಮುದ್ರಣ ಮುಂದುವರಿಸಿದರು. 2013ರಲ್ಲಿ ಹೊರಬಂದ ‘13’ ಎಂಬ ಧ್ವನಿಮುದ್ರಿಕೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಆದರೆ ಕರಾರಿನ ವಿವಾದದಿಂದಾಗಿ ಬಿಲ್ ವಾರ್ಡ್ ಅದರಲ್ಲಿ ಇರಲಿಲ್ಲ.

2017ರ ಜನವರಿಯಲ್ಲಿ ನಡೆದ ಸಂಗತಿಯೊಂದು ನಮ್ಮ ಓದುಗರಿಗೆ ಅಚ್ಚರಿ ತರಬಹುದು. ಬರ್ಮಿಂಗ್‌ಹ್ಯಾಮ್‌ನ ಆಂಗ್ಲಿಕನ್ ಪ್ರಧಾನಾಲಯದ ಗಾಯನ ವೃಂದಕ್ಕಾಗಿ ಟೋನಿ ಐಯೋಮಿ ಒಂದು ಸ್ತುತಿಗೀತೆಗೆ ಸಂಗೀತ ರಚಿಸಿದರು. ಅದಕ್ಕೆ ಆಧಾರ 133ನೆಯ ಕೀರ್ತನೆ. ಸಹೋದರರು ಐಕ್ಯದಿಂದ ಬಾಳುವುದು ಎಷ್ಟು ಮನೋಹರವೆಂದು ಸಾರುವ ಕೀರ್ತನೆ. ಮರುತಿಂಗಳ 4ರಂದು ಅದೇ ನಗರದಲ್ಲಿ ತಂಡದ ವಿದಾಯ ಪ್ರವಾಸದ ಕೊನೆಯ ಕಛೇರಿ ನಡೆಯಿತು. ನಾಲ್ವರಲ್ಲಿ ಒಬ್ಬ ಸಹೋದರನ ಸ್ಥಾನ ಅಂದು ಖಾಲಿಯಾಗಿಯೇ ಇತ್ತು.

ಮರಳಿ ಹುಟ್ಟೂರಿಗೆ

ಆ ಸ್ಥಾನ ತುಂಬಿದ್ದು 2025ರ ಜುಲೈ 5ರಂದು. ಆಸ್ಟನ್‌ನ ವಿಲಾ ಪಾರ್ಕ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ, ಆಝಿ ಬೆಳೆದ ಮನೆಯಿಂದ ಕೂಗಳತೆಯ ದೂರದಲ್ಲಿ, ನಾಲ್ವರೂ 20 ವರ್ಷಗಳ ಬಳಿಕ ಒಂದೇ ವೇದಿಕೆಗೆ ಬಂದರು. ಪಾರ್ಕಿನ್ಸನ್ ಕಾಯಿಲೆಯಿಂದ ನಿಲ್ಲಲೂ ಆಗದಿದ್ದ ಆಝಿ ಸಿಂಹಾಸನದಂಥ ಆಸನದಲ್ಲಿ ಕುಳಿತೇ ಹಾಡಿದರು. 40 ಸಾವಿರಕ್ಕೂ ಹೆಚ್ಚು ಮಂದಿ ನೆರೆದಿದ್ದರು. ನಾಲ್ವರು ಕೂಡಿ ನುಡಿಸಿದ್ದು ನಾಲ್ಕೇ ಹಾಡುಗಳನ್ನು. ಪಾರ್ಕಿನ್ಸನ್ ಸಂಶೋಧನೆಗೆ ನೆರವಾಗುವ ಸಂಸ್ಥೆ, ಬರ್ಮಿಂಗ್‌ಹ್ಯಾಮ್‌ನ ಮಕ್ಕಳ ಆಸ್ಪತ್ರೆ ಮತ್ತು ಗುಣವಾಗದ ಕಾಯಿಲೆಯ ಮಕ್ಕಳನ್ನು ಆರೈಕೆ ಮಾಡುವ ಆಶ್ರಯಧಾಮ, ಈ ಮೂರಕ್ಕೆ ಕಛೇರಿಯ ಆದಾಯ ಮೀಸಲಾಗಿತ್ತು.

ಅಂದು ಇವರಿಗೆ ಮುನ್ನ ವೇದಿಕೆಯೇರಿ ಗೌರವ ಸಲ್ಲಿಸಿದ ತಂಡಗಳಲ್ಲಿ ‘ಮೆಟಾಲಿಕಾ’ವೂ ಒಂದು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಹಸ್ರಾರು ತರುಣರನ್ನು ಸೆಳೆದ ತಂಡವೇ ಅದು. ಅಂದು ಆ ಮೈದಾನದಲ್ಲಿ ಗುಡುಗಿದ ಗಿಟಾರ್ ನಾದದ ವಂಶವೃಕ್ಷವನ್ನು ಹುಡುಕುತ್ತ ಹೋದರೆ ಆಸ್ಟನ್‌ನ ಒಂದು ಸಾಬೂನಿನ ಬಾಟಲಿಗೆ ಬಂದು ಮುಟ್ಟುತ್ತೇವೆ.

ವಿಲಾ ಪಾರ್ಕಿನ ಕಛೇರಿ ನಡೆದು 17 ದಿನಗಳಾಗಿದ್ದವಷ್ಟೆ; ಜುಲೈ 22ರಂದು ಆಝಿ ಆಸ್ಬರ್ನ್ 76ನೆಯ ವಯಸ್ಸಿನಲ್ಲಿ ನಿಧನರಾದರು. ಪಾರ್ಥಿವ ಶರೀರದ ಮೆರವಣಿಗೆ ಬರ್ಮಿಂಗ್‌ಹ್ಯಾಮ್‌ನ ಬೀದಿಯಲ್ಲಿ ಸಾಗುವಾಗ ಅಜ್ಜಂದಿರು, ಮಕ್ಕಳು, ಮೊಮ್ಮಕ್ಕಳು ಇಕ್ಕೆಲಗಳಲ್ಲಿ ನಿಂತು ಕಣ್ಣೀರಿಟ್ಟರು. ನಾಲ್ವರು ಗೆಳೆಯರು ಮನಸ್ತಾಪಗಳನ್ನು ಬದಿಗಿಟ್ಟು ಕೂಡಲು ಇನ್ನು ಮೂರು ವಾರ ತಡಮಾಡಿದ್ದರೆ ಆ ಕೂಟ ಎಂದೆಂದಿಗೂ ನಡೆಯುತ್ತಿರಲಿಲ್ಲ. ಆಸ್ತಿಯ ಗಡಿಗೋ ಒಂದು ಮಾತಿಗೋ ಮುನಿಸಿಕೊಂಡು ವರ್ಷಗಟ್ಟಲೆ ಒಬ್ಬರ ಮನೆಗೊಬ್ಬರು ಹೋಗದಿರುವ ಅಣ್ಣತಮ್ಮಂದಿರು ನಮ್ಮ ಊರುಗಳಲ್ಲೂ ಇದ್ದಾರೆ. ಅವರಿಗೂ ಇದರಲ್ಲಿ ಯೋಚಿಸಲು ಏನಾದರೂ ಇರಬಹುದು.

ಇನ್ನು, ಯಾರು ಶ್ರೇಷ್ಠ ಗಿಟಾರ್ ವಾದಕ ಎಂಬ ಪ್ರಶ್ನೆ. ತರುಣರು ಅದನ್ನು ಚರ್ಚಿಸುತ್ತಲೇ ಇರಲಿ. ಸಂಗೀತದ ಮೇಲಿನ ಪ್ರೀತಿಯಿಂದ ಹುಟ್ಟುವ ವಾದಗಳು ಯಾರನ್ನೂ ಕೆಡಿಸಿಲ್ಲ. ಆದರೆ ಕೈಚಳಕವನ್ನು ಬೆರಳುಗಳ ವೇಗದಿಂದ ಮಾತ್ರ ಅಳೆಯಲಾಗದೆಂಬುದನ್ನು ಜ್ಯಾಂಗೋ ಮತ್ತು ಟೋನಿ ತೋರಿಸಿಕೊಟ್ಟಿದ್ದಾರೆ. ಕಳೆದುಹೋದುದಕ್ಕಾಗಿ ಮರುಗುತ್ತ ಕೂರದೆ, ಉಳಿದುದನ್ನು ಹೇಗೆ ಬಳಸಬಹುದೆಂದು ಯೋಚಿಸುವ ತಾಳ್ಮೆಯೂ ಕೌಶಲದ ಭಾಗವೇ. ಪರೀಕ್ಷೆಯಲ್ಲಿ ಸೋತ ಮಗನಿಗೆ, ಅಪಘಾತದಿಂದ ಹಾಸಿಗೆ ಹಿಡಿದ ನೆರೆಯವನಿಗೆ, ಆರೋಗ್ಯ ಕೆಟ್ಟು ದುಡಿಮೆ ತಪ್ಪಿದ ತಂದೆಗೆ ಈ ಮಾತು ಅನ್ವಯಿಸದೆ ಇರದು.

ಮುಂದಿನ ಬಾರಿ ಮಗನ ಕೋಣೆಯಿಂದ ಆ ‘ಗದ್ದಲ’ ಕೇಳಿಬಂದಾಗ, ಸದ್ದು ಕಡಿಮೆ ಮಾಡೆಂದು ಗದರುವ ಮುನ್ನ ಬಾಗಿಲು ತಟ್ಟಿ ಒಳಗೆ ಹೋಗಿ, ‘ಗಿಟಾರ್ ನುಡಿಸುತ್ತಿರುವವರು ಯಾರು?’ ಎಂದು ಕೇಳಿ ನೋಡಿ. ಅವನು ಉತ್ಸಾಹದಿಂದ ಹೇಳಿಯಾನು. ನೀವೂ ಟೋನಿಯ ತಾಯಿ ಹೇಳಿದ ಬುದ್ಧಿಮಾತಿನ, ಕಾರ್ಖಾನೆಯಿಂದ ಬಂದ ಆ ಅತಿಥಿಯ ಕತೆಯನ್ನು ಅವನಿಗೆ ಹೇಳಬಹುದು. ಅರ್ಧ ಗಂಟೆ ಜತೆಯಾಗಿ ಕುಳಿತು ಕೇಳಿದ ಬಳಿಕವೂ ಆ ಸಂಗೀತ ನಿಮಗೆ ಹಿಡಿಸದಿದ್ದರೆ ಚಿಂತೆಯಿಲ್ಲ. ಮುಚ್ಚಿದ ಬಾಗಿಲಂತೂ ಆಗ ತೆರೆದಿರುತ್ತದೆ.